ಯಾರೂ ನೀರು ಹೊಯ್ಯದ ಗಿಡಗಳು

ನಾನು ಮದುವೆಯಾಗಿ ನೂಲ್ಪುಳಕ್ಕೆ ಬಂದಾಗ ವಯನಾಡು ಹೊಸದಾಗಿ ಜಿಲ್ಲೆಯಾಗಿತ್ತು. ಗುಂಡ್ಲುಪೇಟೆ ಕಡೆಯಿಂದ ಅವ್ವ ಬರೆಸುತ್ತಿದ್ದ ಕಾಗದಗಳ ಮೇಲೆ ಮಾತ್ರ ಇನ್ನೂ ಕಲ್ಲಿಕೋಟೆ ಜಿಲ್ಲೆ ಅಂತಲೇ ಇರುತ್ತಿತ್ತು. ಅಂಚೆಯವನು ಅದನ್ನು ಹೊಡೆದುಹಾಕಿ ಹೊಸ ಹೆಸರು ಬರೆದು ತಂದುಕೊಡುತ್ತಿದ್ದ. ಗಂಡನ ಮನೆಯವರೂ ಎಷ್ಟೋ ತಲೆಮಾರಿನ ಹಿಂದೆ ನಮ್ಮ ಕಡೆಯಿಂದಲೇ ಬಂದ ಬೇಸಾಯದ ಚೆಟ್ಟಿಗಳು. ಮನೆಯೊಳಗೆ ಕನ್ನಡ ಇತ್ತು, ಆದರೆ ಎರಡು ಮಾತಿಗೆ ಒಂದು ಮಲಯಾಳ ಸೇರಿಕೊಂಡ ಕನ್ನಡ. ಹೊರಗೆ ಕಾಲಿಟ್ಟರೆ ಪೂರ್ತಿ ಮಲಯಾಳ. ಮೊದಲ ವರ್ಷ ನಾನು ಹೆಚ್ಚುಕಡಿಮೆ ಮೂಗಿಯ ಹಾಗೇ ಇದ್ದೆ.

ನಾವು ಬೇರೆ ಮನೆ ಕಟ್ಟಿಕೊಂಡದ್ದು ಗದ್ದೆಯ ಮೇಲಿನ ಏರಿನಲ್ಲಿ. ಕಿರಿಮಗನ ಜೊತೆ ಇರುತ್ತೇನೆಂದು ಅತ್ತೆಯೂ ನಮ್ಮೊಂದಿಗೆ ಬಂದರು. ಆ ಜಾಗದಲ್ಲಿ ಮೊದಲು ಎಣ್ಣೆ ಇಳಿಸುವ ನಿಂಬೆಹುಲ್ಲು ಬೆಳೆಯುತ್ತಿದ್ದರಂತೆ. ಹುಲ್ಲಿಗೆ ನೆರಳು ಆಗದೆಂದು ಇದ್ದ ಮರಗಳನ್ನೆಲ್ಲ ಎಂದೋ ಕಡಿದಿದ್ದರು. ಮನೆಯ ಸುತ್ತ ಕೆಂಪು ಮಣ್ಣು, ಹುಲ್ಲಿನ ಒಣ ಬುಡಗಳು, ಅಷ್ಟೇ. ಮಧ್ಯಾಹ್ನವಾದರೆ ಬಿಸಿಲು ನೆಲಕ್ಕೆ ಬಡಿದು ಜಗಲಿಯೊಳಕ್ಕೆ ನುಗ್ಗುತ್ತಿತ್ತು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ಬೂದಿ ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಕಾಡು ಅಷ್ಟು ಹತ್ತಿರ ಇತ್ತು, ನಮಗೆ ಮಾತ್ರ ಒಂದು ಎಲೆಯ ನೆರಳಿರಲಿಲ್ಲ.

ತೋಟ ಮಾಡಬೇಕೆಂಬ ಆಸೆ ನನ್ನದೇ. ಬತ್ತೇರಿ ಪೇಟೆಯಲ್ಲಿ ಒಂದು ದೊಡ್ಡ ಮನೆಯ ಮುಂದೆ ಕೆಂಪು ಹಳದಿ ಎಲೆಯ ಕ್ರೋಟನ್ ಸಾಲು ನೋಡಿ ಮನಸೋತಿದ್ದೆ. ಗಂಡನನ್ನು ಕಾಡಿಸಿ ಪೀಡಿಸಿ ಅಂಥವೇ ಗಿಡಗಳನ್ನು ತರಿಸಿದೆ. ಜೊತೆಗೆ ಗುಲಾಬಿ, ಒಂದಷ್ಟು ಸಿಲ್ವರ್ ಓಕ್ ಸಸಿ. ಮುಂಗಾರು ಹಿಡಿದ ವಾರವೇ ಎಲ್ಲವನ್ನೂ ನೆಟ್ಟೆವು. ಮಳೆಗಾಲವಿಡೀ ಅವು ಎಷ್ಟು ಚೆನ್ನಾಗಿ ಬಂದವೆಂದರೆ ಅವ್ವನಿಗೆ ಕಾಗದ ಬರೆದು ಕೊಚ್ಚಿಕೊಂಡೆ. ಮಳೆ ನಿಂತ ಮೇಲೆ ಜಿಂಕೆಗಳು ಬಂದು ಗುಲಾಬಿಯ ಚಿಗುರನ್ನು ಮುಗಿಸಿದವು. ಬೇಸಿಗೆಗೆ ಉಳಿದವೂ ಬಾಡತೊಡಗಿದವು. ಹೊಸ ಬಾವಿಯ ನೀರು ತಳ ಕಂಡಿತ್ತು. ಆಗ ನಾನು ಆರು ತಿಂಗಳ ಬಸುರಿ. ಆದರೂ ಹಟಕ್ಕೆ ಬಿದ್ದು ದಿನಾ ಸಂಜೆ ಗದ್ದೆಯಂಚಿನ ಹೊಂಡದಿಂದ ಬಿಂದಿಗೆಯಲ್ಲಿ ನೀರು ಹೊತ್ತು ತಂದು ಹೊಯ್ಯುತ್ತಿದ್ದೆ.

ಹಾಗೆ ಹೊರುತ್ತಿದ್ದಾಗಲೇ ಒಂದು ಸಂಜೆ ಒಬ್ಬ ಹೆಂಗಸು ನನ್ನನ್ನು ತಡೆದು ನಿಲ್ಲಿಸಿದ್ದು. ಗದ್ದೆಯಾಚೆ, ಕಾಡಿನ ಒತ್ತಿಗೆ ಕಾಡಿನವರ ಹಾಡಿ ಇತ್ತು. ಅಲ್ಲಿಂದ ನಮ್ಮ ಗದ್ದೆಗೆ ನಾಟಿಗೆ, ಕಳೆಗೆ ಬರುತ್ತಿದ್ದವಳು. ನನ್ನ ಅವ್ವನಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅವಳ ನುಡಿ ನಮ್ಮೂರಿನ ಕನ್ನಡವಲ್ಲ, ಆದರೂ ಮಲಯಾಳಕ್ಕಿಂತ ನನಗೆ ಎಷ್ಟೋ ಹತ್ತಿರ. ಇಲ್ಲಿ ನನ್ನ ಕಿವಿಗೆ ಕೇಳಿಸಿದ ಹಾಗೆ ಬರೆಯುತ್ತಿದ್ದೇನೆ.

"ಯಾರಿಗೇ ಕೂಸೇ ಈ ನೀರು?" ಅಂದಳು.

"ಗಿಡಕ್ಕೆ."

"ಬಸುರಿ ಹೆಂಗ್ಸು ಹೊತ್ತು ಹೊಯ್ದು ಬದುಕಿಸ್ಬೇಕಾ? ಅದೆಂಥ ಗಿಡ? ಕೆಳಗಿಡು ಬಿಂದಿಗೆ."

ಇಡಲಿಲ್ಲ. ಅವಳೇ ನನ್ನ ಸೊಂಟದಿಂದ ಬಿಂದಿಗೆ ಕಿತ್ತುಕೊಂಡು ಏರು ಹತ್ತಿ ಬಂದಳು. ನನ್ನ ತೋಟದ ಸುತ್ತ ಒಂದು ಸುತ್ತು ಹಾಕಿ, ಒಣಗಿದ ಕ್ರೋಟನ್ ಕಡ್ಡಿಯೊಂದನ್ನು ಮುರಿದು ನೋಡಿದಳು. ನನಗೆ ದುಃಖ ಒತ್ತಿ ಬಂತು. ಗಿಡಗಳಿಗಾಗಿಯೋ, ಊರು ಬಿಟ್ಟು ಬಂದ ದಿನದಿಂದ ಒಳಗೇ ಇಟ್ಟುಕೊಂಡದ್ದಕ್ಕೋ, ಅಲ್ಲೇ ಕೂತು ಅತ್ತುಬಿಟ್ಟೆ. ಅಳು ನಿಲ್ಲುವವರೆಗೆ ಅವಳು ಪಕ್ಕದಲ್ಲಿ ಕೂತಿದ್ದು, ಆಮೇಲೆ ಗದ್ದೆಯಾಚೆ ಕೈ ತೋರಿಸಿದಳು.

"ಅಕೋ ಕಾಡಂಚು ನೋಡು. ಅಲ್ಲಿ ಯಾರು ನೀರು ಹೊಯ್ದವರೆ? ಉರಿ ಬಿಸಿಲಾಗೂ ಯಾವುದು ಹಸಿರಾಗಿ ಅದೆ, ನಾಳೆ ಬಂದು ಎಣಿಸು. ಆಮೇಲೆ ತೋಟ ಮಾಡುವೆಯಂತೆ."

ಮಾರನೆಯ ದಿನ ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಇಬ್ಬರೂ ನಿಧಾನವಾಗಿ ನಡೆದೆವು. ದಿನಾ ನೋಡುತ್ತಿದ್ದ ಕಾಡಂಚು ಅಂದು ಬೇರೆ ಥರ ಕಂಡಿತು. ಅರ್ಧಕ್ಕರ್ಧ ಮರಗಳು ಎಲೆ ಉದುರಿಸಿ ನಿಂತಿದ್ದವು. ನಡುವೆ ಹೊಂಗೆ ಮಾತ್ರ ಮಿರಮಿರ ಮಿಂಚುವ ಎಳೆ ಎಲೆ ಹೊತ್ತಿತ್ತು. ನೇರಳೆ ಕಪ್ಪು ಹಸಿರಾಗಿ ನಿಂತಿತ್ತು. ತೋಡೆಂದು ಕರೆಯುವ ಹಳ್ಳದ ದಂಡೆಯಲ್ಲಿ ಅತ್ತಿ, ಲಕ್ಕಿ. ಕವಳಿಯ ಮುಳ್ಳುಪೊದೆಗಳಲ್ಲಿ ಎಲೆ ದಟ್ಟವಾಗಿತ್ತು. ಕೇಪಳದ ಗಿಡಗಳು ಯಾರೂ ಕೇಳದಿದ್ದರೂ ಕೆಂಪು ಹೂ ಬಿಟ್ಟುಕೊಂಡಿದ್ದವು. ನಾನು ಹೆಸರು ಹೇಳಿದಾಗ ಅವಳಿಗೆ ಖುಷಿ. ಹೊಂಗೆ, ನೇರಳೆ, ಅತ್ತಿ, ಹೆಸರುಗಳೆಲ್ಲ ಅವಳ ನುಡಿಯಲ್ಲೂ ಹೆಚ್ಚುಕಡಿಮೆ ಅವೇ. ಆ ಊರಿಗೆ ಬಂದ ಮೇಲೆ ನಾನು ಆಡಿದ ಮಾತು ತಿದ್ದಿಸಿಕೊಳ್ಳದೆ ಇನ್ನೊಬ್ಬರಿಗೆ ಮುಟ್ಟಿದ್ದು ಅಂದೇ ಮೊದಲು. ಹಿಂತಿರುಗುವಾಗ ಅವಳನ್ನು ದೊಡ್ಡವ್ವ ಎಂದು ಕರೆದೆ. ಅವಳು ಓಗೊಟ್ಟಳು.

ತೋಟಕ್ಕೆ ಯಾವುದು ಬೇಕೆಂದು ನಾವು ಆರಿಸಿದ್ದು ಒಂದೇ ದಿನದಲ್ಲಲ್ಲ. ದೊಡ್ಡವ್ವ ಮೊದಲು ಬಿಸಿಲು ಎತ್ತ ಕಡೆಯಿಂದ ಬರುತ್ತದೆಂದು ಕೇಳಿದಳು. ಪಡುವಲಿಗೆ ಹೊಂಗೆ, ಅದರಿಂದ ದೂರ ನೇರಳೆ. ಬೇಲಿಗೆ ಕವಳಿ. ಬಚ್ಚಲ ನೀರು ಹರಿಯುವಲ್ಲಿ ಲಕ್ಕಿ, ಕೆಮ್ಮಿಗೆ ಬೇಕಾಗುವ ಆಡುಸೋಗೆ. ಮುಂಬಾಗಿಲಲ್ಲಿ ಕೇಪಳ, ನಿನ್ನ ದೇವರಿಗೂ ಆಯಿತು, ನಿನ್ನ ಕಣ್ಣಿಗೂ ಆಯಿತು ಅಂದಳು. ಪ್ರತಿ ಮರಕ್ಕೂ ಅದನ್ನು ಹುಡುಕಿಕೊಂಡು ಯಾರು ಬರುತ್ತಾರೆಂದು ಹೇಳುತ್ತಿದ್ದಳು. ನೇರಳೆಗೆ ಬಾವಲಿ, ಕರಡಿಯೂ ಬಂದೀತು, ಹಾಗಾಗಿ ಮಲಗುವ ಕೋಣೆಯ ಕಿಟಕಿಗೆ ಹತ್ತಿರ ಬೇಡ. ಬಿದಿರು ಬೇಡವೇ ಬೇಡ, ಆನೆ.

ಬೀಜಗಳನ್ನು ಅವಳೇ ತಂದಳು. ಹೊಂಗೆಯ ಕಾಯಿ ಒಡೆದು ಬಿದಿರಿನ ಗೊಟ್ಟಗಳಲ್ಲಿ ಮಣ್ಣು ತುಂಬಿ ಹಾಕಿದೆವು. ನೇರಳೆಗೆ ಮಾತ್ರ ಕಾಯಬೇಕು, ಹಣ್ಣು ತಿಂದ ದಿನವೇ ಬೀಜ ಊರಬೇಕು, ಇಟ್ಟರೆ ಸಾಯುತ್ತದೆ ಅಂದಳು. ಒಂದು ದಿನ ಸೆರಗಿನ ಗಂಟು ಬಿಚ್ಚಿ ಬಿಳುಪಾದ ಗಟ್ಟಿ ಬೀಜಗಳನ್ನು ನನ್ನ ಅಂಗೈಗೆ ಸುರಿದಳು. ನೆಲ್ಲಿ ಬೀಜ. ಜಿಂಕೆಗಳು ನೆಲ್ಲಿಕಾಯಿ ನುಂಗಿ, ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಉಗಿದದ್ದಂತೆ. ಅವು ಮಲಗುವ ಜಾಗಕ್ಕೆ ಹೋಗಿ ಆರಿಸಿ ತಂದಿದ್ದಳು. "ನಿನ್ನ ಗುಲಾಬಿ ತಿಂದವಲ್ಲ, ಅವೇ ಕೊಟ್ಟಿದ್ದು ಇಟ್ಕೊ," ಎಂದು ನಕ್ಕಳು.

ಮನೆಯಲ್ಲಿ ಇದು ಅಷ್ಟು ಸುಲಭವಾಗಿರಲಿಲ್ಲ. ಗಂಡ ಗೊಟ್ಟಗಳ ಸಾಲು ನೋಡಿ ತಲೆ ಕೊಡವಿದರು. "ನಮ್ಮ ಮುತ್ತಜ್ಜ ಕಾಡು ಕಡಿದು ಜಮೀನು ಮಾಡೋದಕ್ಕೆ ಎಷ್ಟು ಒದ್ದಾಡಿದನೋ. ನೀನು ಬಂದು ಮತ್ತೆ ಕಾಡು ನೆಡ್ತಿದ್ದೀಯಲ್ಲ!" ಅತ್ತೆಯ ತಕರಾರು ಬೇರೆ. "ಒಂದು ಪ್ಲಾವು ಇಲ್ಲದ ಮನೆ ಎಂಥ ಮನೆ? ಹಲಸು ಬಾಗಿಲ ಮುಂದೆಯೇ ಬೇಕು," ಎಂದು ಹಟ ಹಿಡಿದರು. ಅದಕ್ಕೆ ದೊಡ್ಡವ್ವ ಒಪ್ಪಲಿಲ್ಲ. ಅಂಗಳದ ಕೆಳಗೆ ನಿಂತೇ ಹೇಳಿದಳು: "ಹಲಸಿನ ಹಣ್ಣಿನ ವಾಸನೆಗೆ ಆನೆ ಬಾಗಿಲಿಗೇ ಬತ್ತದೆ ಚೆಟ್ಟಿತಿಯಮ್ಮ. ಹಲಸು ಇರಲಿ, ಕೆಳಗೆ ತೋಡಿನತ್ತ ಇರಲಿ. ಅದು ಅವುಗಳ ದಾರಿ. ಅಲ್ಲೇ ತಿಂದು ಅಲ್ಲಿಂದ್ಲೇ ಹೋಯ್ತವೆ."

ಗದ್ದೆಗೆ ಬರುವವಳು ಎದುರು ಮಾತಾಡಿದಳೆಂದು ಅತ್ತೆ ಮುಖ ತಿರುಗಿಸಿದರು. ಆ ಕಾಲದಲ್ಲಿ ಹಾಡಿಯವರು ನಮ್ಮ ಜಗಲಿ ಹತ್ತುತ್ತಿರಲಿಲ್ಲ. ಊಟ ಹಿತ್ತಲಲ್ಲಿ, ಬಾಳೆ ಎಲೆಯ ಮೇಲೆ. ನಾನೇ ಎಷ್ಟೋ ಸಲ ಹಾಗೆ ಬಡಿಸಿದ್ದೇನೆ. ದೊಡ್ಡವ್ವ ಎಂದು ಕರೆದ ಬಾಯಲ್ಲಿ ಒಳಗೆ ಬಾ ಎಂದು ಒಮ್ಮೆಯೂ ಅಂದಿರಲಿಲ್ಲ. ಇಂದು ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಹೇಗೋ, ಅತ್ತೆ ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ತಾವೇ ಹಲಸಿನ ಬೀಜ ಹಿಡಿದು ತೋಡಿನ ಕಡೆಗೆ ಇಳಿದರು.

ಮಗಳು ಹುಟ್ಟಿದ್ದು ಕರ್ಕಾಟಕ ಮಾಸದ ಜಡಿಮಳೆಯಲ್ಲಿ. ಬಾಣಂತನಕ್ಕೆ ಬರಬೇಕಿದ್ದ ಅವ್ವನಿಗೆ ಜ್ವರ ಹಿಡಿದು ಬರಲಾಗಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬೆಳಿಗ್ಗೆ ದೊಡ್ಡವ್ವ ತಲೆಗೆ ಮಳೆ ತಡೆಯುವ ಎಲೆಯ ಗೊರಗ ಹಾಕಿಕೊಂಡು, ಕೈತುಂಬ ಲಕ್ಕಿ ಸೊಪ್ಪು ಹಿಡಿದು ಹಿತ್ತಲಿಗೆ ಬಂದಳು. ನಾವು ಊರಿದ್ದ ಲಕ್ಕಿ ಕಡ್ಡಿಗಳು ಆಗಿನ್ನೂ ಚಿಗುರುತ್ತಿದ್ದವು, ಇದು ತೋಡಿನ ದಂಡೆಯದು. "ನೀರಿಗೆ ಹಾಕಿ ಕುದಿಸಿ, ಮೈ ನೋವು ಇಳೀತದೆ," ಎಂದು ಸೊಪ್ಪನ್ನು ಕಲ್ಲಿನ ಮೇಲಿಟ್ಟು ಹೊರಟಳು. ಅತ್ತೆಗೆ ಆಗ ಮಂಡಿನೋವು, ಬಗ್ಗಿ ನೀರೆರೆಯಲಾಗುತ್ತಿರಲಿಲ್ಲ. ಅವರು ಗೋಡೆ ಹಿಡಿದು ಬಾಗಿಲಿಗೆ ಬಂದರು. ಅಲ್ಲಿಂದಲೇ ಕೂಗಿದರು:

"ಎಲ್ಲಿಗೆ ಹೋಗ್ತೀ? ನೀನೇ ಬಂದು ಎರೆ. ಒಳಗಿಂದ ಬಾ, ಹೊರಗೆ ಜಾರ್ತದೆ."

ದೊಡ್ಡವ್ವ ಗೊರಗವನ್ನು ಸೂರಿನ ಕೆಳಗಿಟ್ಟು, ಕಾಲು ತೊಳೆದು, ಅಡುಗೆಮನೆ ದಾಟಿ ಬಚ್ಚಲಿಗೆ ಬಂದಳು. ಹದಿನಾರು ದಿನ ಅವಳೇ ಎರೆದಳು. ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಬಿಸಿನೀರಿನ ಹಬೆಗೆ ಲಕ್ಕಿಯ ಕಹಿ ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಆ ದಿನಗಳಲ್ಲಿ ಅವ್ವ ಇಲ್ಲವೆಂಬ ಕೊರಗು ನನಗೆ ಬರಲೇ ಇಲ್ಲ ಎಂದರೆ ಸುಳ್ಳಾದೀತು. ಆದರೆ ಒಂಟಿ ಅನ್ನಿಸಲಿಲ್ಲ. ಆಮೇಲೆ ಅವಳು ಯಾವತ್ತೂ ಹಿತ್ತಲಲ್ಲಿ ಉಣ್ಣಲಿಲ್ಲ. ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ಕೂತು ಉಂಡಳು.

ನಮ್ಮ ಗಿಡಗಳು ನಿಧಾನ. ಮೊದಲೆರಡು ವರ್ಷ ತೋಟ ನೋಡಿದವರು ಇದೆಂಥ ಕುರುಚಲು ಎಂದು ಕೇಳುತ್ತಿದ್ದರು. ಕೆಲವು ಹೋದವು. ನೆಲ್ಲಿಯಲ್ಲಿ ಮೂರು ಮೊಳೆತು ಒಂದು ಉಳಿಯಿತು. ಆದರೆ ನಾನು ಬಿಂದಿಗೆ ಹೊರಲಿಲ್ಲ. ಮೊದಲ ಬೇಸಿಗೆಯಲ್ಲಿ ಬುಡಕ್ಕೆ ಒಣ ಎಲೆ ಮುಚ್ಚಿದೆವು, ಅಷ್ಟೇ. ಐದನೆಯ ವರ್ಷಕ್ಕೆ ಹೊಂಗೆಯ ನೆರಳು ಜಗಲಿ ಮುಟ್ಟಿತು. ಒಂದು ಮಧ್ಯಾಹ್ನ ಗದ್ದೆಯಿಂದ ಬಂದ ಗಂಡ ಒಳಗೆ ಬರದೆ, ಕುರ್ಚಿ ಎತ್ತಿಕೊಂಡು ಹೋಗಿ ಅದರ ಕೆಳಗೆ ಕೂತರು. ನಾನು ಕಂಡೂ ಕಾಣದ ಹಾಗೆ ನೀರು ತಂದಿಟ್ಟೆ. ಆ ಬೇಸಿಗೆಯಿಡೀ ಅವರ ಕುರ್ಚಿ ಅಲ್ಲೇ ಇತ್ತು.

ದೊಡ್ಡವ್ವನಿಗೆ ಏನಾದರೂ ಕೊಡಬೇಕೆಂದು ನನಗೆ ಆಸೆ. ಒಂದು ಸೀರೆ ತಂದರೆ, ಇಟ್ಟಿರು ಕೂಸೇ ಆಮೇಲೆ ನೋಡುವ ಅಂದಳು. ಏನು ಬೇಕು ಹೇಳು ಎಂದು ಬಲವಂತ ಮಾಡಿದ್ದಕ್ಕೆ ಸುತ್ತ ನೋಡಿ, ಬಚ್ಚಲ ಮೋರಿಯ ಪಕ್ಕ ಹೇಗೋ ಉಳಿದುಕೊಂಡಿದ್ದ ಒಂದೇ ಒಂದು ಕ್ರೋಟನ್ ಕಡೆ ಬೆರಳು ತೋರಿಸಿದಳು.

"ಅದರದೊಂದು ಕಡ್ಡಿ ಕೊಡು."

"ಅದನ್ನೇ ಬೈದಿದ್ದೆಯಲ್ಲ ನೀನು!"

"ಬೈದಿದ್ದು ನಿನ್ನ. ಗಿಡ ಚೆಂದಾಗಿ ಅದೆ."

ಅವಳ ಗುಡಿಸಲ ಮುಂದೆ ಅದು ಮಂಡಿಯೆತ್ತರ ಬೆಳೆದದ್ದನ್ನು ನಾನು ನೋಡಿದ್ದೇನೆ. ಪಾತ್ರೆ ತೊಳೆದ ನೀರನ್ನು ತಪ್ಪದೆ ಅದಕ್ಕೆ ಹೊಯ್ಯುತ್ತಿದ್ದಳು.

ತೋಡಿನ ಕಡೆಯ ಹಲಸು ಫಲ ಕೊಟ್ಟ ವರ್ಷ ಆನೆಗಳು ಬಂದವು. ಬೆಳಿಗ್ಗೆ ಎದ್ದು ನೋಡಿದರೆ ಅಲ್ಲೆಲ್ಲ ಸಿಪ್ಪೆ, ಲದ್ದಿ, ಬಟ್ಟಲಿನಷ್ಟು ಆಳದ ಹೆಜ್ಜೆಗಳು. ಏರು ಹತ್ತಿದ ಗುರುತು ಒಂದೂ ಇರಲಿಲ್ಲ. ಅತ್ತೆ ಕವಳಿ ಬೇಲಿಯ ತನಕ ಕೋಲೂರಿಕೊಂಡು ಬಂದು ಕೆಳಗೆ ನೋಡಿದರು. "ಅವಳು ಹೇಳಿದ್ದು ಸರಿ," ಅಂದರು. ನಾಲ್ಕೈದು ಮನೆಗಳಿಗೆ ಹೋಗಿಯೂ ಹಾಗೇ ಹೇಳಿ ಬಂದರು.

ಆಮೇಲೆ ನಮ್ಮ ಏರಿಗೆ ಕರೆಂಟು ಬಂತು. ಲೈನ್ ಎಳೆಯಲು ಬಂದವರು ಹೊಂಗೆ ತಂತಿಗೆ ಅಡ್ಡ ಬರುತ್ತದೆ, ಕಡಿಯಬೇಕು ಅಂದರು. ನಾನು ಬಾಯಿ ತೆರೆಯುವ ಮೊದಲೇ ಗಂಡ ಮಲಯಾಳದಲ್ಲಿ ಜಗಳಕ್ಕೆ ನಿಂತರು. ಅಷ್ಟು ಹೊತ್ತಿಗೆ ನನಗೂ ಮಲಯಾಳ ಚೆನ್ನಾಗಿ ಬರುತ್ತಿತ್ತು, ಒಂದು ಮಾತೂ ತಪ್ಪಿಸಿಕೊಳ್ಳದೆ ಕೇಳಿದೆ. ಕಂಬ ಬೇಕಾದರೆ ನನ್ನ ಅಂಗಳದ ನಡುವೆ ಹಾಕಿ, ಈ ಮರದ ಕೊಂಬೆ ಮುಟ್ಟಬೇಡಿ ಎನ್ನುತ್ತಿದ್ದರು. ಕೊನೆಗೆ ಕಂಬ ಬೇಲಿಯಾಚೆಗೆ ಸರಿಯಿತು. ಕಾಡು ನೆಡುತ್ತೀಯಲ್ಲ ಎಂದು ಹಿಂದೆ ಅಂದದ್ದನ್ನು ನಾನು ಅವರಿಗೆ ನೆನಪಿಸಲಿಲ್ಲ.

ದೊಡ್ಡವ್ವ ಕೊನೆಯ ಸಲ ನಮ್ಮ ಮನೆಗೆ ಬಂದಾಗ ಅವಳಿಗೆ ಕಣ್ಣು ಮಂಜಾಗಿತ್ತು. ನನ್ನ ಮಗಳು ಕೈ ಹಿಡಿದು ಏರು ಹತ್ತಿಸಿದಳು. ನೇರಳೆಯ ಕಾಲ. ನೆಲವೆಲ್ಲ ಹಣ್ಣು ಬಿದ್ದು ನೀಲಿಯಾಗಿತ್ತು. ಆರಿಸಿದ ಹಣ್ಣನ್ನು ಮಡಿಲಿಗೆ ಹಾಕಿಕೊಂಡು ಒಂದೊಂದೇ ತಿನ್ನುತ್ತಾ, ತಲೆಯೆತ್ತಿ, ಎರಡು ಮರಗಳ ಕೊಂಬೆ ಕೂಡಿಕೊಂಡ ಕಡೆ ನೋಡಿದಳು.

"ದೂರ ನೆಡು ಅಂದಿದ್ದೆ. ಹೊಂಗೆಗೆ ತಾಗಿಸ್ಬಿಟ್ಟಿದ್ದೀಯ ನೀನು."

"ಹೌದು ದೊಡ್ಡವ್ವ, ತಪ್ಪಾಯ್ತು."

"ಇರಲಿ ಬಿಡು. ಎರಡೂ ಬದುಕ್ಯವೆ."

ಅವಳಿಗೆ ಏನೋ ಹೇಳಬೇಕೆಂದು ನಾನು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ಅದರ ಬದಲು ಒಳಗೆ ಹೋಗಿ ಬೆಲ್ಲದ ಕಾಪಿ ಮಾಡಿ ತಂದೆ. ಬಿಸಿ ಆರುವವರೆಗೆ ಲೋಟವನ್ನು ನಾನೇ ಹಿಡಿದುಕೊಂಡಿದ್ದು, ಆಮೇಲೆ ಅವಳ ಎರಡೂ ಕೈಗೆ ಕೊಟ್ಟೆ. ಅವಳು ನಿಧಾನವಾಗಿ ಪೂರ್ತಿ ಕುಡಿದು, ಇನ್ನಷ್ಟು ಇದೆಯಾ ಎಂದು ಕೇಳಿದಳು. ಇತ್ತು.