ಕೆಂಡ ಹೊರಗೆಳೆದ ಅವ್ವ

ಕಾಲುವೆಗೆ ನೀರು ಬಂದ ಹೊಸತರಲ್ಲಿ, ಶಹಾಪುರದ ಸುತ್ತ ಭತ್ತದ ನಾಟಿ ಶುರುವಾದರೆ ಶಾಲೆಯಲ್ಲಿ ಹುಡುಗಿಯರ ಬೆಂಚುಗಳು ಖಾಲಿಯಾಗುತ್ತಿದ್ದವು. ನಾನು ಹತ್ತನೇ ತರಗತಿ. ಶಾಲೆ ಬಿಡಿಸಿ ನಾಟಿಗೆ ಕರೆದೊಯ್ಯಲು ಅವ್ವ ಅವತ್ತು ತರಗತಿಯ ಬಾಗಿಲಿಗೇ ಬಂದಿದ್ದಳು.

ಒಳಗೆ ವಿಜ್ಞಾನದ ಮಾಸ್ತರರು ಬೆವರುತ್ತಿದ್ದರು. ಪಿಂಗಾಣಿ ಬಟ್ಟಲಲ್ಲಿ ಸತುವಿನ ಕ್ಲೋರೈಡು, ಅದರಲ್ಲಿ ಟಾರ್ಚ್ ಸೆಲ್ಲಿನಿಂದ ಕಿತ್ತ ಎರಡು ಇಂಗಾಲದ ಕಡ್ಡಿ, ಅವಕ್ಕೆ ಬ್ಯಾಟರಿ, ನಡುವೆ ಪುಟ್ಟ ಬಲ್ಬು. ಆ ಬಿಳಿ ಉಪ್ಪು ಕರಗಿದರಷ್ಟೇ ಬಲ್ಬು ಹತ್ತುವುದು. ಸ್ಪಿರಿಟ್ ದೀಪಕ್ಕೆ ಅದು ಜಪ್ಪಯ್ಯ ಅಂದರೂ ಕರಗಲೊಲ್ಲದು.

“ಈ ದೀಪದ ಮ್ಯಾಲ ಹಾಲೂ ಕಾಯಂಗಿಲ್ರಿ ಸರ,” ಎಂದಳು ಅವ್ವ. ಎದುರಿನ ಚಹಾದಂಗಡಿಯಿಂದ ಕೆಂಡ ತುಂಬಿದ ಸಿಗಡಿ ಒಲೆ ತಂದು, ಬಟ್ಟಲಿನ ಕೆಳಗಿಟ್ಟು ಕೂತು ಊದಿದಳು. ಉಪ್ಪು ಕರಗಿತು, ಬಲ್ಬು ಹತ್ತಿತು. ಮನೆಯಲ್ಲಿ ಸಂಜೆ ದೀಪಕ್ಕೆ ಮುಗಿಯುವ ಹಾಗೆ ಅವ್ವ ಅದಕ್ಕೂ ಕೈಮುಗಿದಳು. ಹುಡುಗರು ಕಿಸಕ್ಕೆಂದರು. ನನಗೆ ಸಿಟ್ಟು ಬಂದದ್ದು ಅವಳ ಮೇಲೆ. ಈಗಲೂ ಅದಕ್ಕೆ ನಾಚಿಕೆಯಾಗುತ್ತದೆ.

ಘಾಟು ಎದ್ದಿತೆಂದು ಮಾಸ್ತರರು ಕಿಟಕಿ ತೆರೆಯುವಷ್ಟರಲ್ಲಿ ಅವ್ವ ಸಿಗಡಿ ಹೊರಗೆಳೆದು ಕೆಂಡಕ್ಕೆ ನೀರು ಚಿಮುಕಿಸಿಬಿಟ್ಟಳು. ಕೆಲಸ ಮುಗಿದ ಮೇಲೆ ಕೆಂಡ ಸುಮ್ಮನೆ ಉರಿಯಲು ನಮ್ಮಲ್ಲಿ ಬಿಡುವುದಿಲ್ಲ. ಆರಿಸಿದರೆ ನಾಳೆಗೆ ಇದ್ದಿಲಾಯಿತು. ಉಪ್ಪು ಹೆಪ್ಪುಗಟ್ಟಿತು. ಬಲ್ಬು ಆರಿತು.

“ಹತ್ತಿದ್ದು ಯಾಕ ಆರಿತು?” ಅವಳು ಕೇಳಿದ್ದು ಮಾಸ್ತರರನ್ನಲ್ಲ, ನನ್ನನ್ನು.

“ಗಟ್ಟಿ ಇದ್ದಾಗ ಒಳಗಿನ ಕಣ ಓಡಾಡಂಗಿಲ್ಲವ್ವ. ಕರಗಿದ್ರ ಓಡಾಡ್ತಾವ. ಆಗ ಕರೆಂಟು ಸತುವನ್ನ ಒಂದು ಕಡ್ಡಿಗಿ ಎಳೀತದ, ಇನ್ನೊಂದು ಕಡ್ಡಿಗಿ ಕ್ಲೋರಿನ್ ಹೋಗ್ತದ. ಘಾಟು ಅದರದ್ದೇ. ಎರಡೂ ಬ್ಯಾರೆ ಆಗೋತನಕ ಬೆಂಕಿ ತಗೀಬಾರದು.”

ಅವ್ವ ನನ್ನ ಮುಖವನ್ನೇ ನೋಡಿದಳು. ಹೋಗಿ ಮತ್ತೆ ಕೆಂಡ ತಂದಳು. ಈ ಸಲ ಮೂಗಿಗೆ ಸೆರಗು ಹಿಡಿದು, ಗಂಟೆ ಬಾರಿಸುವವರೆಗೂ ಸಿಗಡಿ ಬಿಟ್ಟು ಕದಲಲಿಲ್ಲ. ತಣ್ಣಗಾದ ಮೇಲೆ ಮಾಸ್ತರರು ಕಡ್ಡಿಗೆ ಅಂಟಿದ್ದ ಸತುವನ್ನು ಕೆರೆದು, ತೊಳೆದು ಅವಳ ಅಂಗೈಗೆ ಹಾಕಿದರು. ಸಾಸಿವೆಯಷ್ಟಿತ್ತು. ಹೊರಳಿಸಿ ನೋಡಿ ಹಿಂದಿರುಗಿಸಿದಳು.

ನಾನು ಪಾಟಿಚೀಲ ಹೆಗಲಿಗೇರಿಸಿ ಅವಳ ಹಿಂದೆ ಹೊರಟೆ.

“ನೀ ಎಲ್ಲಿಗಿ?”

“ನಾಟಿಗಿ.”

“ಅರ್ಧಕ್ಕ ಬೆಂಕಿ ತಗಿಯೋ ತಪ್ಪು ಒಮ್ಮಿ ಮಾಡೀನಿ, ಸಾಕು. ಹೋಗಿ ಕುಂದ್ರು.”

ಮೊಣಕಾಲಿಗೆ ಸೀರೆ ಎತ್ತಿ ಕಟ್ಟಿ, ಕಾಲುವೆಯ ದಾರಿ ಹಿಡಿದು ಒಬ್ಬಳೇ ಹೋದಳು.