ಸಿರುಗುಪ್ಪದ ಮೋಡ, ಕುರುಗೋಡಿನ ಬೆಟ್ಟ

ಮದರಾಸಿನಿಂದ ರೈಲಿನಲ್ಲಿ ತರಿಸಿದ ಒಂದೇ ಒಂದು ಕ್ಯಾಮೆರಾ ನಮ್ಮ ನಾಲ್ವರಿಗೂ. ಕಚೇರಿ ಗುಮಾಸ್ತನಾದ ನಾನು, ನನ್ನ ಗೆಳೆಯ ಸಾಲಿ ಮಾಸ್ತರ, ಔಷಧಿ ಅಂಗಡಿಯವರು, ಪಿಂಚಣಿ ಪಡೆಯುತ್ತಿದ್ದ ಓವರ್ಸಿಯರರು. ಭಾನುವಾರ ಬೆಳಿಗ್ಗೆ ಕಂಟೋನ್ಮೆಂಟಿನಲ್ಲಿ ಓವರ್ಸಿಯರರ ಜಗಲಿಗೆ ಸೇರಿ, ಬೆಟ್ಟಗುಡ್ಡಗಳ ಚಿತ್ರಗಳನ್ನು ಹೆಸರಿಲ್ಲದೆ ಮೇಜಿನ ಮೇಲಿಟ್ಟು ಜರೆಯುವುದು ನಮ್ಮ ಚಟ. ಎಲ್ಲರ ಮಾತು ಮುಗಿಯುವವರೆಗೆ ತೆಗೆದವನು ತುಟಿ ಬಿಚ್ಚುವಂತಿಲ್ಲ.

ಆಗ ಫಿಲಂ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟಿನಲ್ಲಿ ಬೆಟ್ಟ ಚೆನ್ನಾಗಿ ಮೂಡಿದರೆ ಆಕಾಶ ಬರೀ ಬಿಳಿ. ಹಾಗಾಗಿ ಮೋಡವನ್ನಷ್ಟೇ ತೆಗೆದ ಇನ್ನೊಂದು ಪ್ಲೇಟಿನಿಂದ ಆ ಬಿಳಿಯ ಮೇಲೆ ಮೋಡ ಅಚ್ಚು ಹಾಕುತ್ತಿದ್ದೆವು. ಆದರೆ ಮೋಡ ಸ್ವಂತದ್ದಾಗಿರಬೇಕು. ಇನ್ನೊಬ್ಬರದನ್ನು ಕೇಳದೆ ಹಾಕಿದವನು ಮತ್ತೆ ಕ್ಯಾಮೆರಾ ಮುಟ್ಟುವಂತಿರಲಿಲ್ಲ.

ನಾನು ಕದ್ದೆ. ಬೇರೆ ಮಾತಿಲ್ಲ. ಗೆಳೆಯ ಸಿರುಗುಪ್ಪದ ಹೊಳೆದಂಡೆಯಲ್ಲಿ ತೆಗೆದ ಮೋಡದ ಪ್ಲೇಟನ್ನು ನನ್ನ ಮನೆಯ ಕತ್ತಲೆಕೋಣೆಯಲ್ಲಿ ತೊಳೆದು ಒಣಗಲು ಬಿಟ್ಟು ಹೋಗಿದ್ದ. ಇನ್ನೂ ಯಾರಿಗೂ ತೋರಿಸಿರಲಿಲ್ಲ. ಅದನ್ನು ನನ್ನ ಕುರುಗೋಡು ಬೆಟ್ಟದ ಮೇಲೆ ಅಚ್ಚು ಹಾಕಿದೆ. ಗುರುತು ಸಿಗದಿರಲೆಂದು, ಎಡಬಲ ಅದಲುಬದಲಾಗುವಂತೆ ಗಾಜನ್ನು ಮಗುಚಿ ಇಟ್ಟೆ. ಎಂಥ ಜಾಣ!

ಆ ಭಾನುವಾರ ಓವರ್ಸಿಯರರು, “ಮೋಡ ಭಾಳ ಛಲೋ ಬಂದೈತಿ” ಎಂದು ಹೊಗಳಿದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ನನ್ನದು. ಗೆಳೆಯ ಚಿತ್ರ ಕೈಗೆತ್ತಿಕೊಂಡ. ಎಷ್ಟು ಹೊತ್ತಾದರೂ ಕೆಳಗಿಡಲಿಲ್ಲ.

“ಬೆಟ್ಟಕ್ಕ ಬಲಗಡಿಂದ ಬಿಸಿಲು, ಮೋಡಕ್ಕ ಎಡಗಡಿಂದ,” ಎಂದ. “ಕುರುಗೋಡಿನಾಗ ಎರಡು ಸೂರ್ಯ ಅದಾವೇನ್ರಿ?”

ಉಳಿದಿಬ್ಬರು ಬಿದ್ದು ಬಿದ್ದು ನಕ್ಕರು. ಎಲ್ಲರ ಮಾತು ಮುಗಿದ ಮೇಲೆ ನಾನು ಎದ್ದು, ಚಿತ್ರ ನನ್ನದು ಎಂದೆ. ಓವರ್ಸಿಯರರ ನಗು ನಿಂತಿತು.

“ನಿಮ್ಮ ಹತ್ರ ಮೋಡದ ಪ್ಲೇಟು ಇಲ್ಲಲ್ರೀ. ಇದು ಯಾರದು?” ಎಂದರು.

ಕ್ಯಾಮೆರಾ ಕೈತಪ್ಪಿತು ಅಂದುಕೊಂಡೆ. ನಿಜ ಹೇಳುತ್ತೇನೆ, ಆಗಲೂ ನನಗೆ ಹೊಳೆದದ್ದು ಕ್ಯಾಮೆರಾದ ಚಿಂತೆಯೇ, ಗೆಳೆಯನದಲ್ಲ.

“ನಂದ್ರಿ. ನಾನಾ ಕೊಟ್ಟೀನಿ,” ಎಂದ ಅವನು.

ಸಭೆ ಮುಗಿದ ಮೇಲೆ ಅವನ ಹಿಂದೆ ಓಡಿದೆ. ತಪ್ಪಾಯಿತು, ಪ್ಲೇಟನ್ನು ಈಗಲೇ ಮನೆಗೆ ತಂದುಕೊಡುತ್ತೇನೆ ಎಂದೆ. ಅವನು ನಿಲ್ಲಲಿಲ್ಲ.

“ನೀನಾ ಇಟ್ಕೊಳ್ಲೇ. ಎಲ್ಲಾರೂ ನೋಡಿಬಿಟ್ಟಾರ. ಇನ್ನ ನಾ ಅದನ್ನ ಯಾರಿಗೆ ತೋರಿಸ್ಲಿ?”