ಡಾಗ್‌ವುಡ್ಡಿನ ನಾಲ್ಕು ಕಡ್ಡಿ

ವಿದೇಶದಲ್ಲಿರುವ ಗೆಳತಿ ಸುಮಾಳನ್ನು ನೋಡಲು ಊರಿಂದ ಬಂದಿದ್ದವಳು, ಅವಳ ಬಡಾವಣೆ ಸಿಟಿವೆಸ್ಟ್‌ನಲ್ಲಿ ಅವಳ ಜೊತೆ ಬಸ್ಸಿಗೆ ಕಾಯುತ್ತಿದ್ದೆ. ಕೆಲಸ ಹೋಗಿದೆ, ಊರಿಗೆ ಬಂದುಬಿಡುತ್ತೇನೆ ಎಂದು ಅವಳು ಬೆಳಿಗ್ಗೆಯಿಂದ ಅಳುತ್ತಿದ್ದಳು.

ಸ್ಟಾಪಿನ ಹಿಂದೆ ಎಲೆಯಿಲ್ಲದ ಡಾಗ್‌ವುಡ್ ಪೊದೆ, ಕಡ್ಡಿಗಳೆಲ್ಲ ಕುಂಕುಮದಷ್ಟು ಕೆಂಪು. ಮಾಲಿಯೊಬ್ಬ ಅದನ್ನು ಬುಡದವರೆಗೂ ಕತ್ತರಿಸುತ್ತಿದ್ದ. ತಡೆಯಲಾರದೆ ಹೋಗಿ ಜಗಳವಾಡಿದೆ. ಆತ ನಕ್ಕ. ಹಳೆಯ ಕಡ್ಡಿ ಮಂಕಾಗುತ್ತದಂತೆ. ಈಗ ಕತ್ತರಿಸಿದರೇ ಮುಂದಿನ ಚಳಿಗಾಲಕ್ಕೆ ಈ ಕೆಂಪು. ಕತ್ತರಿಸಿದ್ದು ಬುಟ್ಟಿ ಹೆಣೆಯಲು ಹೋಗುತ್ತದಂತೆ.

ಯಾರ ಅಂಗಳದಲ್ಲಿ ದಾಸವಾಳ ಕಂಡರೂ ಕಡ್ಡಿ ಕೇಳುವ ಬುದ್ಧಿ ನಮ್ಮದು. ಕೇಳಿದೆ. ನಾಲ್ಕು ಕೊಟ್ಟ.

ನೆಟ್ಟರೆ ಪೊದೆಯಾಗಲು ಎಷ್ಟು ಕಾಲ ಬೇಕೆಂದು ಸುಮಾ ವಿಚಾರಿಸಿದಳು. ಮೂರು ವರ್ಷ ಎಂದ.

ಅವಳು ನನ್ನ ಕೈಯಿಂದ ಕಡ್ಡಿಗಳನ್ನು ಕಿತ್ತುಕೊಂಡಳು. "ನಿನ್ನ ಸೂಟ್‌ಕೇಸಲ್ಲಿ ಒಣಗಿಹೋಗುತ್ತೆ ಕಣೇ. ಇಲ್ಲೇ, ನಮ್ಮನೆ ಹಿಂದೆ ನೆಡ್ತೀನಿ."